ಬಾಂಬವ್ವನ ಎಡಿ

ಜಪಾನಿನ ಮೇಲೆ ಆ ಬಾಂಬು ಬೀಳದಿದ್ದರೆ ನಾನು ಹುಟ್ಟುತ್ತಿರಲಿಲ್ಲ. ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಹುಕ್ಕೇರಿಯಲ್ಲಿ ನರ್ಸ್ ಆಗಿ ದುಡಿದು ಮುದುಕಿಯಾದವಳು ನಾನು. ಹುಟ್ಟುವವರನ್ನೂ ಸಾಯುವವರನ್ನೂ ಸಾಕಷ್ಟು ನೋಡಿದ್ದೇನೆ, ದೊಡ್ಡ ಮಾತಾಡುವ ಚಟ ನನಗಿಲ್ಲ. ಆದರೆ ನನ್ನ ಕಾಕಾ ಕೇದಾರಿಯ ಬಗ್ಗೆ ಹೇಳಬೇಕೆಂದರೆ ಇಲ್ಲಿಂದಲೇ ಶುರು ಮಾಡಬೇಕು. ಆ ಬಾಂಬು ಉಳಿಸಿದ್ದು ಅವನ ಅಣ್ಣನನ್ನು. ಆ ಅಣ್ಣ ನನ್ನ ಅಪ್ಪ.

ನಮ್ಮ ಊರು ಧುಪದಾಳ. ಘಟಪ್ರಭೆಗೆ ಒಡ್ಡು ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದ ಜಾಗ. ನಮ್ಮ ಕೇರಿ ಒಡ್ಡಿನ ಕೆಳಗಿತ್ತು. ನೀರು ಮಂದಿಯ ಹೊಲಕ್ಕೆ ಹೋಗುತ್ತಿತ್ತು, ಅದರ ಸದ್ದು ಮಾತ್ರ ನಮ್ಮ ಪಾಲಿಗೆ. ಕೇರಿಯ ಹುಡುಗರಿಗೆ ಹೊಟ್ಟೆ ತುಂಬ ಊಟವನ್ನೂ ಕಾಲಿಗೆ ಬೂಟನ್ನೂ ಕೊಡುವ ಜಾಗವೆಂದರೆ ಬೆಳಗಾವಿಯ ಫೌಜೊಂದೇ. ಅಪ್ಪ ಉದ್ದಪ್ಪ ಮೊದಲು ಹೋದ. ನಾಗನೂರಿನಿಂದ ಬಂದ ನನ್ನ ಅವ್ವ ಕೆಂಪವ್ವನಿಗೆ ಅತ್ತೆಮನೆಯ ಒಲೆ ಇನ್ನೂ ಪಳಗಿರಲಿಲ್ಲ, ಆಗಲೇ ಗಂಡ ಹಡಗು ಹತ್ತಿ ಸಿಂಗಾಪುರ ಸೇರಿದ್ದ. ಸಿಂಗಾಪುರ ಜಪಾನಿಯರ ಕೈಗೆ ಬಿತ್ತು, ಅಪ್ಪ ಸೆರೆಸಿಕ್ಕ. ಅವನು ಇದ್ದಾನೋ ಇಲ್ಲವೋ ಗೊತ್ತಿಲ್ಲವೆಂದು ಒಂದು ತಂತಿ ಬಂತು. ಆಮೇಲೆ ವರ್ಷಗಟ್ಟಲೆ ಏನೂ ಬರಲಿಲ್ಲ.

ನನ್ನ ಆಯಿ ಸಾವಂತ್ರೆವ್ವ, ಅಂದರೆ ಅಪ್ಪನ ತಾಯಿ, ಸೊಸೆಯ ಬಳೆ ಒಡೆಯಲು ಬಿಡಲಿಲ್ಲ. ಮಗ ಸತ್ತ ಅಂತ ಯಾರು ಕಂಡಿದ್ದಾರೆ ಎಂದು ಬಂದವರ ಮೇಲೆ ಹರಿಹಾಯುತ್ತಿದ್ದಳಂತೆ. ಸುತ್ತಲಿನ ದೇವರುಗಳಿಗೆಲ್ಲ ಹರಕೆ ಹೊತ್ತಳು, ಯಾವ ದೇವರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯುದ್ಧ ಮುಗಿದ ಮೇಲೆ ಒಂದು ದಿನ ಉದ್ದಪ್ಪ ಜೀವದಿಂದಿದ್ದಾನೆ, ಆಸ್ಪತ್ರೆಯಲ್ಲಿದ್ದಾನೆ, ಬರುತ್ತಾನೆ ಎಂದು ಕಾಗದ ಬಂತು. ಅದನ್ನು ಓದಿ ಹೇಳಿದವರು ಸಾಲಿಯ ರಾಚಪ್ಪ ಮಾಸ್ತರರು. ಮೇಲಿನ ಓಣಿಯ ಲಿಂಗವಂತರು, ಪತ್ರಿಕೆ ಓದುವ ಮನುಷ್ಯ. ಜಪಾನಿನ ಮೇಲೆ ವಿಮಾನದಿಂದ ಒಂದೇ ಒಂದು ಬಾಂಬು ಹಾಕಿದರು, ಇಡೀ ಪಟ್ಟಣ ಸುಟ್ಟು ಹೋಯಿತು, ಇನ್ನೊಂದು ಹಾಕಿದರು, ಅಲ್ಲಿನ ರಾಜ ಸೋತೆ ಅಂದ, ಅದಕ್ಕೇ ನಿನ್ನ ಮಗ ಉಳಿದ ಎಂದು ಬಿಡಿಸಿ ಹೇಳಿದರು. ಆಯಿ ಕೇಳಿದ್ದು ಒಂದೇ ಮಾತು: ಅದು ಗಂಡೋ ಹೆಣ್ಣೋ? ಮಾಸ್ತರರು ನಗುತ್ತಾ, ಅಷ್ಟು ಸಿಟ್ಟಿದೆ ಅಂದ ಮೇಲೆ ಹೆಣ್ಣೇ ಇರಬೇಕು ಅಂದರು. ನಮ್ಮ ಆಯಿಯ ಹತ್ತಿರ ಚೇಷ್ಟೆ ಮಾಡಬಾರದಿತ್ತು. ಆಕೆಗೆ ಚೇಷ್ಟೆ ತಿಳಿಯುತ್ತಿರಲಿಲ್ಲ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಪ್ಲೇಗು ಬಂದಾಗ ನಮ್ಮವರು ಪ್ಲೇಗವ್ವನ ಕಲ್ಲು ನೆಟ್ಟರು. ಸಿಡುಬಿಗೆ, ವಾಂತಿಬೇನೆಗೆ, ಎಲ್ಲದಕ್ಕೂ ಒಂದೊಂದು ಕಲ್ಲಿದೆ. ಊರನ್ನೇ ನುಂಗುವಷ್ಟು ಸಿಟ್ಟಿನಿಂದ ಏನೇ ಬಂದರೂ ಅದಕ್ಕೆ ಅರಿಷಿಣ ಹಚ್ಚಿ, ಉಣ್ಣಲು ಕೊಟ್ಟು, ತಾಯಿ, ನಮ್ಮ ಮನೆ ಬಿಟ್ಟು ಹೋಗು ಎಂದು ಕೈಮುಗಿಯುವುದು ನಮ್ಮ ಪದ್ಧತಿ. ಈ ತಾಯಿಯಂತೂ ಮನೆ ಬಿಟ್ಟು ಹೋದದ್ದಷ್ಟೇ ಅಲ್ಲ, ಮಗನನ್ನು ಕೊಟ್ಟೂ ಹೋಗಿದ್ದಳು. ಆಯಿ ಹೊಳೆಯಿಂದ ಒಂದು ಕರಿಯ ಕಲ್ಲು ತಂದು ಹಿತ್ತಲಿನ ಬೇವಿನ ಬುಡಕ್ಕೆ ಇಟ್ಟಳು. ಬಾಂಬವ್ವ ಎಂದು ಹೆಸರಿಟ್ಟಳು. ಶ್ರಾವಣದ ಮೊದಲ ಮಂಗಳವಾರ ಅದರ ಮುಂದೆ ಗೋದಿ ಹುಗ್ಗಿಯ ಎಡಿ. ದೇವರಿಗೆ ಇಟ್ಟ ಆ ಎಡಿಯನ್ನು ಮನೆಯವರೆಲ್ಲ ಉಣ್ಣಲೇಬೇಕು. ಉಣ್ಣದಿದ್ದರೆ ನೀ ಕೊಟ್ಟದ್ದು ನಮಗೆ ಬೇಡ ಎಂದು ದೇವಿಯ ಮುಖಕ್ಕೆ ಹೇಳಿದಂತೆ.

ಕಾಶ್ಮೀರದಲ್ಲಿ ಗುಂಡು ಹಾರತೊಡಗಿದಾಗ ಮೇಲವಂಕಿಯಿಂದ, ಮೂಡಲಗಿಯಿಂದ ಸಿಪಾಯಿಗಳ ಅವ್ವಂದಿರು ಬಾಂಬವ್ವನಿಗೆ ಹರಕೆ ಹೊರಲು ಬಂದರು. ಮೇಲಿನ ಓಣಿಯ ಗೌರವ್ವ ಮಾತ್ರ ತಾನು ಕೇರಿಗೆ ಕಾಲಿಡದೆ ಆಳಿನ ಕೈಯಲ್ಲಿ ಕಾಯಿ ಕಳಿಸುತ್ತಿದ್ದಳು. ಅವಳಿಗೆ ದೇವಿ ನಡೆಯುತ್ತಿತ್ತು, ದೇವಿಯ ಓಣಿ ನಡೆಯುತ್ತಿರಲಿಲ್ಲ.

ಅಪ್ಪ ಮನೆಗೆ ಬಂದಾಗ ಅವ್ವನಿಗೆ ಗುರುತು ಸಿಗಲಿಲ್ಲವಂತೆ. ಹಲ್ಲು ಉದುರಿ, ಚರ್ಮ ಎಲುಬಿಗೆ ಅಂಟಿ, ಕೆಮ್ಮುತ್ತಾ ಒಬ್ಬ ಮುದುಕ ಬಂದು ಹೊಸ್ತಿಲಲ್ಲಿ ಕೂತನಂತೆ. ಅವನನ್ನು ಯಾವುದೋ ದ್ವೀಪಕ್ಕೆ ಒಯ್ದು ಕಾಡು ಕಡಿಸಿದ್ದರು. ಜೊತೆಗಾರರು ಒಬ್ಬೊಬ್ಬರೇ ಸತ್ತರು. ಕೊನೆಗೆ ಉಳಿದವರ ಕೈಯಿಂದ ಉದ್ದಕ್ಕೊಂದು ಕುಣಿ ತೋಡಿಸಿದರು. ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕುಣಿ ಮುಗಿದಿತ್ತು, ಅಷ್ಟರಲ್ಲಿ ಯುದ್ಧ ನಿಂತಿತು. ಇಷ್ಟನ್ನೇ ಅವನು ಹೇಳುತ್ತಿದ್ದದ್ದು. ಮರುವರ್ಷ ನಾನು ಹುಟ್ಟಿದೆ.

ಕಾಕಾ ಕೇದಾರಿ ಫೌಜು ಸೇರಿದ್ದು ಯುದ್ಧದ ಕೊನೆಯ ವರ್ಷ. ಲಾರಿ ಓಡಿಸಲು ಕಲಿಸಿ, ಸೋತ ಜಪಾನನ್ನು ಕಾಯಲು ಹೋದ ದಂಡಿನ ಜೊತೆ ಅವನನ್ನೂ ಕಳಿಸಿದರು. ಸ್ವಾತಂತ್ರ್ಯ ಬಂದ ವರ್ಷ ದೀಪಾವಳಿ ಹೊತ್ತಿಗೆ ಊರಿಗೆ ಬಂದ, ಕಾಲುವೆಯ ಬಾಗಿಲು ಎತ್ತಿ ಇಳಿಸುವ ಚೌಕೀದಾರನಾದ. ಎತ್ತರದ ಆಳು. ಕೇರಿಯ ಸಂದಿಯಲ್ಲೂ ಪರೇಡಿನಂತೆ ನೆಟ್ಟಗೆ ನಡೆಯುತ್ತಿದ್ದ, ಆಡುಗಳೇ ಸರಿದು ದಾರಿ ಬಿಡಬೇಕು. ಮದುವೆ ಬೇಡ ಅಂದ. ಆಯಿ ಎಷ್ಟು ಹೆಣ್ಣು ತೋರಿಸಿದರೂ ಬೇಡ ಅಂದ. ನನ್ನನ್ನು ಸಾಲಿಗೆ ಹಾಕಿದವನು ಅವನೇ, ಮುಂದೆ ನರ್ಸ್ ಓದಿಸಿದವನೂ ಅವನೇ. ಅವನು ಸಾಯುವತನಕ ದನಿ ಏರಿಸಿದ್ದನ್ನು ನಾನು ಕೇಳಲಿಲ್ಲ. ಅಷ್ಟು ಮೆತ್ತಗಿನ ಮನುಷ್ಯ ಅಷ್ಟು ಹಟಮಾರಿ ಆಗಿರಲು ಸಾಧ್ಯವೇ ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ.

ಬಂದ ಮರುವರ್ಷದ ಶ್ರಾವಣದಲ್ಲಿ ಆಯಿ ಅವನ ಗಂಗಾಳಕ್ಕೆ ಎಡಿ ಬಡಿಸಿದಳು. ಇದು ಯಾವ ದೇವರದು ಎಂದು ಕೇಳಿದ. ಆಯಿ ಹೆಮ್ಮೆಯಿಂದ ಹೇಳಿದಳು. ಅವನು ಗಂಗಾಳವನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, ಕೈತೊಳೆದು ಎದ್ದ. ಯಾಕೋ ಅಂದದ್ದಕ್ಕೆ ಸೇರುವುದಿಲ್ಲ ಅಂದ. ಹುಟ್ಟಿದಾಗಿನಿಂದ ಹುಗ್ಗಿ ಅಂದರೆ ಜೀವ ಬಿಡುತ್ತಿದ್ದವನಿಗೆ ಈಗ ಸೇರದಂತಾಯಿತೇ ಎಂದು ಆಯಿ ದಿನವಿಡೀ ಬೈದಳು. ಎದುರಿಗೆ ಕೂತಿದ್ದ ಅಪ್ಪ ಬೈಯಲಿಲ್ಲ. ಬೇಡವಾದದ್ದು ಹುಗ್ಗಿಯಲ್ಲ ಎಂದು ಅವನಿಗೆ ತಿಳಿಯಿತು. ಆವತ್ತಿನಿಂದ ಅಣ್ಣತಮ್ಮಂದಿರು ಮನೆಯ ಹೆಂಚು, ಆಡಿನ ಮೇವು, ನನ್ನ ಸಾಲಿ, ಎಲ್ಲವನ್ನೂ ಮಾತಾಡುತ್ತಿದ್ದರು, ಆ ಒಂದನ್ನು ಬಿಟ್ಟು. ಪ್ರತಿ ಶ್ರಾವಣದ ಮೊದಲ ಮಂಗಳವಾರ ಕಾಕಾ ಕಾಲುವೆಯ ಮೇಲೇ ಉಳಿಯುತ್ತಿದ್ದ. ಅಪ್ಪ ಅವನ ಪಾಲಿನ ಎಡಿಯನ್ನೂ ತಾನೇ ಉಣ್ಣುತ್ತಿದ್ದ, ದೇವಿ ಮುನಿಯಬಾರದೆಂದು.

ಹೀಗೇ ಎಷ್ಟು ವರ್ಷ ನಡೆಯುತ್ತಿತ್ತೋ. ಆದರೆ ನಾನು ಸಾಲಿಗೆ ಹೋಗುತ್ತಿದ್ದ ಕಾಲಕ್ಕೆ ನಮ್ಮ ಜನ ಬೌದ್ಧರಾಗುವ ಗಾಳಿ ಬೀಸಿತು. ಗೋಕಾಕದಲ್ಲಿ ಹೊಲಿಗೆ ಯಂತ್ರ ಇಟ್ಟಿದ್ದ ಹನಮಂತ ಎಂಬವನು ಕೇರಿ ಕೇರಿ ತಿರುಗಿ ಹೇಳಿದ: ನಮ್ಮನ್ನು ಹೊರಗಿಟ್ಟ ದೇವರುಗಳನ್ನು ನಾವು ಹೊರಗಿಡೋಣ, ಮನೆಯ ದೇವರುಗಳನ್ನೆಲ್ಲ ಬುಟ್ಟಿಗೆ ತುಂಬಿ ಹೊಳೆಗೆ ಬಿಡೋಣ, ಇನ್ನು ಮೇಲೆ ಯಾವ ಜೀವವನ್ನೂ ನೋಯಿಸದ ಧರ್ಮ ನಮ್ಮದು. ಕೇರಿಯೆಲ್ಲ ಒಪ್ಪಿತು. ಆಯಿಯೂ ಅತ್ತು ಕರೆದು ಒಪ್ಪಿದಳು. ದೇವರ ಜಗುಲಿಯ ಬೆಳ್ಳಿ ಮುಖಗಳನ್ನೆಲ್ಲ ತಾನೇ ಎತ್ತಿ ಬುಟ್ಟಿಗೆ ಹಾಕಿದಳು. ಬೇವಿನ ಬುಡದ ಕಲ್ಲಿಗೆ ಮಾತ್ರ ಕೈ ಹಚ್ಚಬೇಡಿ ಅಂದಳು. ಇವರೆಲ್ಲ ನನಗೆ ಏನೂ ಕೊಡಲಿಲ್ಲ, ಹೋಗಲಿ. ಅವಳು ಮಗನನ್ನು ಕೊಟ್ಟಿದ್ದಾಳೆ, ಅವಳು ಹೊಳೆಗೆ ಹೋದರೆ ನನ್ನ ಮಗನೂ ಹೋಗುತ್ತಾನೆ ಎಂದು ಕಲ್ಲಿನ ಮೇಲೆ ಮೈಚೆಲ್ಲಿ ಕೂತಳು.

ಹನಮಂತ ಒಪ್ಪಲಿಲ್ಲ. ಬಿಡುವುದಾದರೆ ಎಲ್ಲವನ್ನೂ ಬಿಡಬೇಕು, ಅದರಲ್ಲೂ ಇದನ್ನು ಮೊದಲು ಬಿಡಬೇಕು ಅಂದ. ಕೇರಿಯ ಜನ ಹಿತ್ತಲಿಗೇ ಬಂದು ಸೇರಿದರು. ಮಧ್ಯಸ್ಥಿಕೆಗೆಂದು ರಾಚಪ್ಪ ಮಾಸ್ತರರನ್ನೂ ಕರೆತಂದರು. ಅವರಿಗೊಂದು ಕುರ್ಚಿ ಹಾಕಿದರು, ಅವರು ಅದನ್ನು ಬೇವಿನ ನೆರಳಿನಿಂದ ಸ್ವಲ್ಪ ಆಚೆಗೆ ಎಳೆದುಕೊಂಡು ಕೂತರು.

ಮಾಸ್ತರರ ಲೆಕ್ಕ ಸರಳವಾಗಿತ್ತು. ಬಾಂಬು ಹಾಕದಿದ್ದರೆ ಯುದ್ಧ ಇನ್ನೂ ಎರಡು ವರ್ಷ ಎಳೆಯುತ್ತಿತ್ತು, ಜಪಾನಿನವರೂ ಸೇರಿದಂತೆ ಇದರ ನಾಲ್ಕು ಪಟ್ಟು ಜನ ಸಾಯುತ್ತಿದ್ದರು, ಸೆರೆಯಾಳು ಒಬ್ಬನೂ ಉಳಿಯುತ್ತಿರಲಿಲ್ಲ. ಕಡಿಮೆ ಸಾವಿನಲ್ಲಿ ಹೆಚ್ಚು ಸಾವು ತಪ್ಪಿದರೆ ಅದು ಪಾಪ ಹೇಗಾಗುತ್ತದೆ? ಹನಮಂತನಿಗೆ ಸಿಟ್ಟು ಬಂತು. ಸತ್ತವರು ಬಂದೂಕು ಹಿಡಿದವರಲ್ಲ, ನೀರು ತರುವ ಹೆಂಗಸರು, ಕೂಸುಗಳು ಅಂದ. ಇಷ್ಟು ಜನ ಹೋಗಲಿ ಎಂದು ದೂರದಲ್ಲಿ ಕೂತು ಬರೆಯುವವರ ಲೆಕ್ಕದಲ್ಲಿ ಹೋಗುವವರು ಯಾವಾಗಲೂ ಯಾರು ಎಂದು ನಮ್ಮ ಕೇರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದ. ಇಬ್ಬರ ಮಾತೂ ನನಗೆ ಈಗಲೂ ಸರಿ ಅನ್ನಿಸುತ್ತದೆ. ಅದೇ ನನ್ನ ಸಂಕಟ. ಒಬ್ಬರು ಸುಳ್ಳಾಗಿದ್ದರೆ ನಮ್ಮ ಮನೆ ಉಳಿಯುತ್ತಿತ್ತು.

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಕೆಮ್ಮು ತಡೆದುಕೊಂಡು ಎದ್ದು ನಿಂತ. ಮಾಸ್ತರರ ಕಡೆ ನೋಡಲಿಲ್ಲ, ಹನಮಂತನ ಕಡೆ ನೋಡಲಿಲ್ಲ. ತಮ್ಮನ ಕಡೆ ತಿರುಗಿದ.

"ಕೇದಾರಿ, ಇವರೆಲ್ಲಾ ಪೇಪರ್ ಓದಿ ಮಾತಾಡಾಕತ್ತಾರ. ಆ ಸುಟ್ಟ ಊರ ಕಣ್ಣೀಲೆ ಕಂಡಾಂವ ನೀ ಒಬ್ಬನ. ಅದು ಬೀಳಲಿಲ್ಲಂದ್ರ ನಾ ತೋಡಿದ ಕುಣಿಯಾಗ ನಾನ ಇರತಿದ್ದೆ. ಇಷ್ಟ ವರ್ಷ ನೀ ಎಡಿ ಉಂಡಿಲ್ಲ. ಇವತ್ತ ಬಾಯಿ ಬಿಟ್ಟ ಹೇಳು. ನಾ ಬದುಕಿ ಬಂದದ್ದು ತಪ್ಪಾತೇನು?"

ಕಾಕಾ ತಪ್ಪಲ್ಲ ಅಂದ. ಹಾಗಾದರೆ ಬಾಂಬು ಹಾಕಿದ್ದು ಸರಿ ಅನ್ನು, ಅಷ್ಟೇ ಸಾಕು, ನಾನು ನೆಮ್ಮದಿಯಿಂದ ಕೆಮ್ಮಿಕೊಂಡಿರುತ್ತೇನೆ ಎಂದು ಅಪ್ಪ ಬೇಡಿಕೊಂಡ. ನಿಜವಾಗಿಯೂ ಬೇಡಿಕೊಂಡ, ಅಣ್ಣ ತಮ್ಮನಿಗೆ ಕೈಮುಗಿದ. ಒಂದು ಮಾತು ಅಂದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಕಾಕಾ ಅನ್ನಲಿಲ್ಲ. ಬದಲಿಗೆ, ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ.

ಸುಟ್ಟುಹೋಗಿದ್ದ ಹಿರೋಶಿಮಾದ ಮೂಲಕ ಅವನ ಲಾರಿ ಹಾದು ಹೋಗುತ್ತಿತ್ತು. ಊರಂಚಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದ ಒಬ್ಬ ಮುದುಕಿ ಸಿಪಾಯಿಗಳ ಬಟ್ಟೆ ಒಗೆದು ಕೊಡುತ್ತಿದ್ದಳು. ಕಾಕಾ ಸಬಕಾರ ಕೊಡುತ್ತಿದ್ದ, ಆಕೆ ಮಡಿ ಮಾಡಿ ಕೊಡುತ್ತಿದ್ದಳು. ಆಕೆಗೆ ತಡವಾಗಿ ಹುಟ್ಟಿದ, ಸಾಲಿಗೆ ಹೋಗುವ ಒಬ್ಬ ಮಗನಿದ್ದ. ಬಾಂಬು ಬಿದ್ದ ದಿನ ಮುಂಜಾನೆ ಸಾಲಿಯ ಹುಡುಗರೆಲ್ಲ ಕೆಲಸಕ್ಕೆಂದು ಊರ ನಡುವೆ ಹೋಗಿದ್ದರು. ಮಣ್ಣು ಮಾಡಲು ಕೂಡ ಅವನದು ಏನೂ ಸಿಗಲಿಲ್ಲ. ಮನೆ ಇದ್ದ ಜಾಗದಲ್ಲಿ ಆಕೆ ಕುಂಬಳದ ಬಳ್ಳಿ ಹಬ್ಬಿಸಿದ್ದಳು. ಒಂದು ದಿನ ಕಾಕಾನಿಗೆ ಊರಿನಿಂದ ಕಾಗದ ಬಂತು, ಅಣ್ಣ ಬದುಕಿ ಬಂದಿದ್ದಾನೆ ಎಂದು. ಲಾರಿಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಸಂತೋಷ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಅದನ್ನು ಹೋಗಿ ಆ ಮುದುಕಿಗೆ ಹೇಳಿದ. ಕಲಿತ ನಾಲ್ಕು ಮಾತಿನಲ್ಲಿ, ಉಳಿದದ್ದು ಕೈಸನ್ನೆಯಲ್ಲಿ. ಅಣ್ಣ, ಸೆರೆಮನೆ, ಈಗ ಮನೆ. ಹೇಗೆ ಬಂದ ಎಂದು ಆಕೆ ಕೇಳಿದಳು. ಕಾಕಾ ಆಕಾಶಕ್ಕೆ ಬೆರಳು ಮಾಡಿದ. ಆಮೇಲೆ ಸುಟ್ಟ ಊರಿನ ಕಡೆ ಮಾಡಿದ. ಇದರಿಂದ ಬಂದ ಅಂದ.

"ಆಕಿ ನನ್ನ ಮಾರಿ ನೋಡಿದ್ಲು," ಅಂದ ಕಾಕಾ. "ಬೈತಾಳ ಅನಕೊಂಡೆ. ಬೈಯಲಿಲ್ಲ. ಒಳಗ ಹೋಗಿ ಒಂದ ಕುದಿಸಿದ ಗೆಣಸ ತಂದ್ಲು. ಅವತ್ತ ಆಕಿಗಿ ಉಣ್ಣಾಕ ಅದೊಂದ ಇತ್ತು ಅನಸತೈತಿ. ಎರಡೂ ಕೈಲೆ ಕೊಟ್ಟು, ಚಲೋ ಆತು, ನಿಮ್ಮ ಅವ್ವಗ ಮಗಾ ಬಂದ ಅಂದ್ಲು. ನಾ ತಿನ್ನೂತನಾ ನಿಂತಿದ್ಲು. ತಿಂದೆ ಅಣ್ಣಾ. ಅದ ಇನ್ನೂ ಇಳದಿಲ್ಲ ನನಗ."

ಮಾಸ್ತರರು ಕುರ್ಚಿಯಿಂದ ಎದ್ದು ಹೊರಟುಹೋದರು. ಆಯಿ ಮಾತ್ರ, ಅವಳ ಮಗ ಹೋದರೆ ನನ್ನ ಮಗನನ್ನು ಯಾಕೆ ಕೊಡಲಿ ಎಂದು ಒಂದೇ ಸಮನೆ ಗೊಣಗುತ್ತಿದ್ದಳು. ಅಪ್ಪ ಹೋಗಿ ತಾಯಿಯ ಕೈಗಳನ್ನು ಕಲ್ಲಿನಿಂದ ಬಿಡಿಸಿದ. ಆಕೆ ಅವನ ಮುಂಗೈ ಕಚ್ಚಿದಳು, ಆದರೂ ಬಿಡಿಸಿದ. ಕಲ್ಲನ್ನು ಹೆಗಲ ಮೇಲೆ ಹೊತ್ತು, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ಹಿಡಿದು, ಒಡ್ಡಿನ ಕೆಳಗಿನ ಮಡುವಿನ ತನಕ ತಾನೇ ಒಯ್ದ. ಯಾರಿಗೂ ಹೊರಲು ಬಿಡಲಿಲ್ಲ. ಕೇರಿಯ ದೇವರುಗಳ ಜೊತೆ ಅದೂ ನೀರಿಗೆ ಬಿತ್ತು. ಹನಮಂತ ಜಯಕಾರ ಹಾಕಿದ. ಕಾಕಾ ಜಯಕಾರ ಹಾಕಲಿಲ್ಲ, ಅಣ್ಣನ ಒದ್ದೆ ಹೆಗಲನ್ನು ತನ್ನ ತಲೆಯ ಪಟಗದಿಂದ ಒರೆಸಿದ.

ಅಪ್ಪನ ಎದೆ ಮೊದಲೇ ಕೆಟ್ಟಿತ್ತು. ಮರುವರ್ಷದ ಬೇಸಿಗೆಗೆ ಹಾಸಿಗೆ ಹಿಡಿದ. ಗೋಕಾಕದ ಡಾಕ್ಟರು ಎರಡೂ ಕಡೆಯ ಪುಪ್ಪುಸ ಮುಗಿದಿದೆ, ದ್ವೀಪದಿಂದಲೇ ತಂದ ರೋಗ, ಇಷ್ಟು ದಿನ ಉಳಿದದ್ದೇ ಹೆಚ್ಚು ಅಂದರು. ಮುಂದೆ ನರ್ಸ್ ಆದ ನನಗೆ ಅವರು ಹೇಳಿದ್ದು ಸರಿ ಎಂದು ಈಗ ಗೊತ್ತು. ಕಲ್ಲಿಗೂ ಪುಪ್ಪುಸಕ್ಕೂ ಸಂಬಂಧವಿಲ್ಲ. ಆದರೆ ರಕ್ತ ಕಾರುವ ಮಗನ ತಲೆದೆಸೆಯಲ್ಲಿ ಕೂತ ತಾಯಿಗೆ ಇದನ್ನು ಯಾರು ಹೇಳುತ್ತಾರೆ? ಆಯಿ ಕಾಕಾನ ಜೊತೆ ಮಾತು ಬಿಟ್ಟಿದ್ದಳು. ಅವನು ತಂದ ಹಾಲು ಚೆಲ್ಲುತ್ತಿದ್ದಳು, ಅವನು ತಂದ ಔಷಧಿಯನ್ನು ಮಾತ್ರ ಮಗನಿಗೆ ಕುಡಿಸುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪನಿಗೆ ಎಚ್ಚರ ತಪ್ಪಿತು. ಆಗ ಆಯಿ ಎದ್ದು ಕಾಲುವೆಗೆ ಹೋಗಿ, ಬಾಗಿಲ ಹತ್ತಿರ ನಿಂತಿದ್ದ ಕಾಕಾನ ಕಾಲು ಹಿಡಿದಳು.

"ಆಕೀನ ಹುಡಿಕಿ ಕೊಡು ಯಪ್ಪಾ. ನೀ ಕಳಿಸಿದಿ, ನೀನ ಕರಕೊಂಡ ಬಾ. ನಿನಗ ಬ್ಯಾಡಾದ್ರ ಬ್ಯಾಡ. ನಿಮ್ಮ ಅಣ್ಣಾ ಬೇಕಲ್ಲ?"

ಅವನಿಗೆ ಕಲ್ಲಿನಲ್ಲಿ ನಂಬಿಕೆ ಇರಲಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡವನು, ಮುಂಜಾನೆ ಎದ್ದು ಪಂಚಶೀಲ ಹೇಳುವವನು. ಆದರೆ ಅಣ್ಣ ಬೇಕಾಗಿತ್ತು. ಅಂಗಿ ಕಳಚಿ ಮಡುವಿಗೆ ಇಳಿದ. ಬೇಸಿಗೆಯಾದ್ದರಿಂದ ನೀರು ಎದೆಮಟ್ಟ ಇತ್ತು, ತಳದಲ್ಲಿ ಇಡೀ ಕೇರಿಯ ದೇವರುಗಳು ಕೆಸರಲ್ಲಿ ಹೂತಿದ್ದವು. ಮುಳುಗಿ ಒಂದೊಂದನ್ನೇ ತಂದು ದಂಡೆಯಲ್ಲಿ ಇಟ್ಟ. ಆಯಿ ಒಂದೊಂದನ್ನೂ ತೊಳೆದು, ಸವರಿ, ಅಲ್ಲ ಅನ್ನುತ್ತಿದ್ದಳು. ದಾರಿಹೋಕರು ನಿಂತು ನೋಡಿದರು. ಗೋಕಾಕದಿಂದ ಬಂದಿದ್ದ ಹನಮಂತನೂ ನೋಡಿದ, ನೋಡಿ ಹೊರಟುಹೋದ. ಮಧ್ಯಾಹ್ನದ ಹೊತ್ತಿಗೆ ಕಾಕಾನ ಕಣ್ಣು ಕೆಂಡದಂತಾಗಿದ್ದವು, ಬೆರಳು ಒಡೆದಿದ್ದವು. ಕೊನೆಗೆ ಒಂದು ಕರಿಯ ಕಲ್ಲನ್ನು ಆಯಿ ಎದೆಗೆ ಅವಚಿಕೊಂಡಳು. ಅದು ಅದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅರಿಷಿಣ ಯಾವಾಗಲೋ ತೊಳೆದುಹೋಗಿತ್ತು.

ಕಲ್ಲನ್ನು ಅಪ್ಪನ ತಲೆದೆಸೆಗೆ ಇಟ್ಟರು. ಶ್ರಾವಣ ಇನ್ನೂ ದೂರವಿತ್ತು, ಆದರೂ ಅವ್ವ ಹುಗ್ಗಿ ಮಾಡಿದಳು. ಎಡಿ ತೋರಿಸಿ ಆಯಿ ಎಲ್ಲರಿಗೂ ಬಡಿಸಿದಳು. ಕಾಕಾನ ಮುಂದೆ ಗಂಗಾಳ ಇಟ್ಟು, ಇಷ್ಟು ವರ್ಷ ನೀನು ಉಣ್ಣದ್ದಕ್ಕೇ ಆಕೆ ಮುನಿದಿದ್ದಾಳೆ, ಒಂದು ತುತ್ತು ಉಣ್ಣು, ಅಣ್ಣ ಕಣ್ಣು ಬಿಡುತ್ತಾನೆ ಅಂದಳು. ಕಾಕಾ ಗಂಗಾಳವನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಕೈ ಹಾಕಿ ಒಂದು ತುತ್ತು ಬಾಯಿಗಿಟ್ಟ. ಅಗಿಯುತ್ತಾ ಅಳುತ್ತಿದ್ದ, ನೆಟ್ಟಗೆ ಕೂತೇ ಅಳುತ್ತಿದ್ದ.

ಅಪ್ಪ ಕಣ್ಣು ಬಿಟ್ಟ. ಆಯಿ ಬಾಂಬವ್ವ ಎಂದು ಕೂಗಿ ನೆಲಕ್ಕೆ ಬಿದ್ದಳು. ಅಪ್ಪನ ನೋಟ ತಲೆದೆಸೆಯ ಕಲ್ಲಿನ ಮೇಲೆ ಹೋಯಿತು, ಅಲ್ಲಿಂದ ತಮ್ಮನ ಕೈಯ ಮೇಲೆ, ಬಾಯಿಯ ಮೇಲೆ. ತಾನು ಹೊತ್ತು ಒಯ್ದು ಬಿಟ್ಟದ್ದು ತಿರುಗಿ ಬಂದಿದೆ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಾತು ಬಹಳ ಸಣ್ಣಗೆ ಬಂತು, ನಾವೆಲ್ಲ ಬಗ್ಗಿ ಕೇಳಬೇಕಾಯಿತು.

"ನೀನೂ ಉಂಡ್ಯಾ ಕೇದಾರಿ?" ಅಂದ. "ಹಂಗಾರ ಆ ಗೆಣಸ ಕೊಟ್ಟ ಮುದುಕಿ ಕಡೆ ಇನ್ನ ಯಾರ ಅದಾರೋ?"

ಕಾಕಾ ಬಾಯಲ್ಲಿದ್ದದ್ದನ್ನು ನುಂಗಿದ. ಆಯಿ ಅವನ ಗಂಗಾಳಕ್ಕೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು. ಅಪ್ಪನ ಉಸಿರು ಇನ್ನೂ ಆಡುತ್ತಿತ್ತು, ಅದಕ್ಕೇ ಕಾಕಾ ಅದನ್ನೂ ಉಂಡ. ಮರುದಿನ ಮಧ್ಯಾಹ್ನ ಅಪ್ಪ ತೀರಿಕೊಂಡ.